ನಾನು ವಾಪಸ್ ಕಳಿಸದ ಎರಡು ಡಬ್ಬಿಗಳು

ಮೂವತ್ತೆರಡು ವರ್ಷ ನಾನು ಜನರ ಕಫ ನೋಡಿ ಸಂಬಳ ತೆಗೆದುಕೊಂಡೆ. ಇದನ್ನು ಹೀಗೆ ನೇರವಾಗಿ ಹೇಳಿದರೆ ಲಗ್ನದ ಊಟದಲ್ಲಿ ಪಕ್ಕಕ್ಕೆ ಕೂತವರು ಬಿರ್ಯಾನಿ ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಳ್ಳುತ್ತಾರೆ. ಲ್ಯಾಬಿನಲ್ಲಿದ್ದೆ ಅಂದರೆ ಸಾಲದೇ, ಅದರ ವಿವರವೆಲ್ಲ ಯಾಕೆ ಬೇಕು ಎಂದು ಮನೆಗೆ ಬಂದ ಮೇಲೆ ಹೆಂಡತಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ನನಗಂತೂ ಯಾವತ್ತೂ ನಾಚಿಕೆ ಅನ್ನಿಸಿದ್ದಿಲ್ಲ. ದಾಂಡೇಲಿಯ ನಮ್ಮ ಓಣಿಯಲ್ಲಿ ಅಣ್ಣ ಲಾರಿ ಎಂಜಿನ್ ಬಿಚ್ಚಿ ರಿಪೇರಿ ಮಾಡುತ್ತಿದ್ದ. ನಾನು ಮನುಷ್ಯರ ಎದೆಯೊಳಗಿಂದ ಬಂದದ್ದನ್ನು ಬಿಡಿಸಿ ನೋಡುತ್ತಿದ್ದೆ. ಕೈ ಇಬ್ಬರದೂ ಹೊಲಸಾಗುತ್ತಿತ್ತು, ಕೆಲಸ ಇಬ್ಬರದೂ ಚೊಕ್ಕವಾಗಿತ್ತು. ಮುಂಡಗೋಡದಲ್ಲಿ ನನ್ನನ್ನು ಬಾಬಾಜಾನ್ ಅಂತ ಕರೆಯುವವರಿಗಿಂತ ‘ಕಫದ ಸಾಹೇಬ್ರು’ ಅನ್ನುವವರೇ ಇವತ್ತಿಗೂ ಹೆಚ್ಚು.

ಹೊಸದಾಗಿ ಲ್ಯಾಬಿಗೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಏನಾದರೂ ಹೇಳಿ ಅನ್ನುತ್ತಾರೆ. ಬಣ್ಣ ಹಾಕುವುದು, ಸ್ಲೈಡ್ ಒಣಗಿಸುವುದು, ಕೋಶ ಎಣಿಸುವುದು ಎಲ್ಲವೂ ನಿಮ್ಮ ಪುಸ್ತಕದಲ್ಲಿವೆ, ನನಗಿಂತ ಚೆನ್ನಾಗಿ ಬರೆದಿದ್ದಾರೆ. ಪುಸ್ತಕದಲ್ಲಿ ಇಲ್ಲದ್ದು ಒಂದಿದೆ. ಮಳಗಿ ಕಡೆಯ ಶಾಂತವ್ವ ಎನ್ನುವ ಹೆಣ್ಣುಮಗಳ ಉಸಿರು ಒಂದು ವರ್ಷ ನನ್ನ ಎರಡು ಸಹಿಗಳ ಕೆಳಗೆ ಸಿಕ್ಕಿಕೊಂಡಿತ್ತು. ಆ ಸಹಿಗಳನ್ನು ನಾನು ದುಷ್ಟತನದಿಂದ ಹಾಕಲಿಲ್ಲ, ಸೋಮಾರಿತನದಿಂದಲೂ ಹಾಕಲಿಲ್ಲ. ಹೇಗೆ ಹಾಕಿದೆ ಎನ್ನುವುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಆದರೆ ಮುದುಕರ ಕೈಗೆ ಪೆನ್ನು ಕೊಟ್ಟರೆ ಅವರು ಮೊದಲಿನಿಂದಲೇ ಶುರು ಮಾಡುತ್ತಾರೆ, ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಮೊದಲ ಊರು ಜೋಯಿಡಾ. ಅಲ್ಲಿ ಕ್ಷಯದ ಕಫ ನೋಡುವ ಕೆಲಸ. ಹಿರಿಯ ಟೆಕ್ನಿಷಿಯನ್ ಆಗಿದ್ದ ಕುಲಕರ್ಣಿ ಮಾಸ್ತರು ನನ್ನ ಗುರುಗಳು. ಒಂದು ದಿನ ಉಳವಿ ಹತ್ತಿರದ ಹಳ್ಳಿಯ ಮುದುಕನೊಬ್ಬ ಕಫವನ್ನು ಮನೆಯ ಗಾಜಿನ ಬಾಟಲಿಯಲ್ಲಿ ತಂದುಕೊಟ್ಟ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಎಲ್ಲೆಲ್ಲೂ ದುಂಡನೆಯ ಹೊಳೆಯುವ ಹನಿಗಳು. ಇಂಥದ್ದನ್ನು ನಾನು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಹೊಸ ರೋಗವನ್ನೇ ಕಂಡುಹಿಡಿದೆ ಅನ್ನುವ ಹುರುಪಿನಲ್ಲಿ ಕೆಂಪು ಶಾಯಿಯಿಂದ ‘ಅಪರಿಚಿತ ಕಣಗಳು ಕಂಡುಬಂದಿವೆ’ ಎಂದು ಬರೆದು ಮಾಸ್ತರ ಮುಂದಿಟ್ಟೆ. ಅವರು ಸ್ಲೈಡ್ ನೋಡಲೇ ಇಲ್ಲ. ಬಾಟಲಿಯ ಮುಚ್ಚಳದ ಹಳದಿ ಕಲೆ ನೋಡಿದರು, ಹೊರಗೆ ಕೂತಿದ್ದ ಮುದುಕನ ಹತ್ತಿರ ಕೊಂಕಣಿಯಲ್ಲಿ ಎರಡು ಮಾತಾಡಿದರು, ಒಳಗೆ ಬಂದರು.

“ತಮ್ಮಾ, ನಿನ್ನ ಹೊಸ ರೋಗದ ಹೆಸರು ಮಾವಿನಕಾಯಿ ಉಪ್ಪಿನಕಾಯಿ. ಎಣ್ಣಿ ಸರಿಯಾಗಿ ತೊಳದಿಲ್ಲ. ಕಣ್ಣು ಸ್ಲೈಡಿಗೆ ಹಚ್ಚೂಕಿಂತ ಮೊದಲ ಬಾಟ್ಲಿಗೆ ಹಚ್ಚಬೇಕು, ತಿಳೀತೇನು?”

ಆ ಮೇಲೆ ನಾನೇ ಖಾಲಿ ಡಬ್ಬಿಗಳನ್ನು ಹಳ್ಳಿಗಳಿಗೆ ಕಳಿಸತೊಡಗಿದೆ. ಅವು ಮಧ್ಯಾಹ್ನದ ಬಸ್ಸಿನಲ್ಲಿ ತುಂಬಿಕೊಂಡು ವಾಪಸ್ ಬರಬೇಕಿತ್ತು. ಬೇಸಿಗೆಯಲ್ಲಿ ಬಸ್ಸಿನ ಕಾವಿಗೆ ಮಾದರಿಯೆಲ್ಲ ಕೆಟ್ಟು ನೀರಾಗುತ್ತಿತ್ತು. ಮೀನು ಮಾರುವವರ ಹತ್ತಿರ ಐಸ್ ಬೇಡಿ ಡಬ್ಬಿಗಳನ್ನು ಅದರಲ್ಲಿಟ್ಟು ಕಳಿಸುವ ಏರ್ಪಾಡು ಮಾಡಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡನೆಯ ವಾರವೇ ಕಂಡಕ್ಟರ್ ನನ್ನ ಥರ್ಮಾಕೋಲ್ ಪೆಟ್ಟಿಗೆಯನ್ನೂ ಮೀನಿನ ಪೆಟ್ಟಿಗೆಯನ್ನೂ ಅದಲು ಬದಲು ಮಾಡಿದ. ನನ್ನ ಮೇಜಿನ ಮೇಲೆ ಸಿಗಡಿ ಬಂತು, ನನ್ನ ಪೆಟ್ಟಿಗೆ ಊಟದ ಹೋಟೆಲಿಗೆ ಹೋಯಿತು. ಪುಣ್ಯಕ್ಕೆ ಮುಚ್ಚಳಗಳು ಬಿಗಿಯಾಗಿದ್ದವು. ಹೋಟೆಲಿನ ಮಾಲಕ ಮುಂದೆ ಆರು ತಿಂಗಳು ನಾನು ಚಹಾ ಕೇಳಿದರೆ ಗ್ಲಾಸನ್ನು ದೂರದಿಂದಲೇ ತಳ್ಳುತ್ತಿದ್ದ.

ಹಳಿಯಾಳದಲ್ಲಿ ಕೆಲವು ವರ್ಷ ಕಳೆದು ಕಡೆಗೆ ಮುಂಡಗೋಡಕ್ಕೆ ಬಂದೆ. ಅಲ್ಲೇ ನನಗೆ ನಿಜವಾದ ಕೆಲಸ ಸಿಕ್ಕಿತು. ಎದೆರೋಗದ ಡಾಕ್ಟರ್ ನಳಿನಿ ಮೇಡಂ ಧಾರವಾಡದವರು. ದಮ್ಮಿನ ರೋಗಿಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಒಂದೇ ಔಷಧ ಬರೆಯುವುದು ಅವರಿಗೆ ಆಗದ ಮಾತು. ಬೀಡಿ ಸೇದಿದವರಿಗೂ ದಮ್ಮು, ಒಲೆಯ ಹೊಗೆ ಕುಡಿದವರಿಗೂ ದಮ್ಮು, ಹುಟ್ಟಿದಾಗಿನಿಂದ ಅಸ್ತಮಾ ಇದ್ದವರಿಗೂ ದಮ್ಮು. ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ತರಹ ಏದುಸಿರು ಬಿಡುತ್ತಾರೆ. ಆದರೆ ಶ್ವಾಸನಾಳದ ಒಳಗಿನ ಬಾವು, ನಾವು ಉರಿಯೂತ ಅನ್ನುತ್ತೇವಲ್ಲ, ಅದು ಎಲ್ಲರಲ್ಲೂ ಒಂದೇ ಜಾತಿಯದಲ್ಲ. ಅದರ ಜಾತಿ ಹೇಳುವ ಸಾಕ್ಷಿ ಕಫದಲ್ಲಿರುವ ಕೋಶಗಳು.

ಆ ಕೋಶಗಳ ಪರಿಚಯ ಇಷ್ಟು ಸಾಕು. ನ್ಯೂಟ್ರೋಫಿಲ್ ಎನ್ನುವ ಬಿಳಿಕಣ ಹೆಚ್ಚಿದ್ದರೆ ಬಾವಿನ ಕಾರಣ ಒಂದು ತರಹದ್ದು. ಬಾಯಿಯಿಂದ ಎಳೆದುಕೊಳ್ಳುವ ಸ್ಟಿರಾಯ್ಡ್ ಪಂಪಿನಿಂದ ಅದಕ್ಕೆ ಹೆಚ್ಚು ಉಪಯೋಗವಿಲ್ಲ. ಇಯೋಸಿನೋಫಿಲ್ ಎನ್ನುವ ಇನ್ನೊಂದು ಬಿಳಿಕಣ ಹೆಚ್ಚಿದ್ದರೆ ಅದೇ ಪಂಪ್ ಜೀವ ಉಳಿಸುತ್ತದೆ. ಬಣ್ಣ ಹಾಕಿದಾಗ ಇಯೋಸಿನೋಫಿಲ್ ಒಳಗೆ ಕೇಸರಿಬಾತಿನ ರವೆಯ ಹಾಗೆ ಕೆಂಪು ಕಾಳುಗಳು ತುಂಬಿರುತ್ತವೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಕಟ್ಟಿಗೆ ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರ ಕಫದಲ್ಲಿ ಮತ್ತೊಂದು ದೊಡ್ಡ ಕೋಶ ಕಾಣುತ್ತದೆ, ಹೊಟ್ಟೆ ತುಂಬ ಮಸಿ ನುಂಗಿ ಕೂತಿರುತ್ತದೆ. ಮೊದಲ ಸಲ ಅದನ್ನು ನೋಡಿದ ವಾರವೇ ದಾಂಡೇಲಿಯ ಮನೆಗೆ ಹೋಗಿ, ನಮ್ಮ ಅಮ್ಮ ಅಡುಗೆ ಮಾಡುತ್ತಿದ್ದ ಮೂಲೆಯ ಕಪ್ಪು ಗೋಡೆಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ. ಅಮ್ಮ ಆಗ ಇರಲಿಲ್ಲ.

ಕೆಲಸದ ಕ್ರಮ ಕಟ್ಟುನಿಟ್ಟು. ಕಫದ ಗಟ್ಟಿ ಭಾಗ ಆರಿಸಿ, ಲೋಳೆ ಕರಗಿಸಿ, ಸೋಸಿ, ಸ್ಲೈಡ್ ಮಾಡಿ, ನಾನೂರು ಕೋಶ ಎಣಿಸಬೇಕು. ಎಣಿಸುವ ಮೊದಲು ಒಂದು ಪರೀಕ್ಷೆ ಇದೆ. ಬಾಯಿಯ ಒಳಚರ್ಮದ ಅಗಲ ಕೋಶಗಳು ತುಂಬಿದ್ದರೆ ಅದು ಕಫ ಅಲ್ಲ, ಉಗುಳು. ಎದೆಯಿಂದ ಬಂದದ್ದಲ್ಲ, ನಾಲಗೆಯ ಅಡಿಯಿಂದ ಬಂದದ್ದು. ಆಗ ‘ಮಾದರಿ ಸಾಲದು’ ಎಂದು ಬರೆದು ರೋಗಿಯನ್ನು ಮತ್ತೆ ಕರೆಸಬೇಕು. ನಿಯಮ ಇಷ್ಟೇ ಸರಳ.

ನಳಿನಿ ಮೇಡಂ ಬಗ್ಗೆ ಒಂದು ಮಾತು. ಅವರು ಬೈಯುತ್ತಿರಲಿಲ್ಲ, ಅದೇ ಅವರ ಭಯಂಕರ ಗುಣ. ತಪ್ಪು ಮಾಡಿದರೆ ಕನ್ನಡಕ ತೆಗೆದು ಒರೆಸಲು ಶುರು ಮಾಡುತ್ತಿದ್ದರು. ಒರೆಸುವುದು ಮುಗಿಯುವಷ್ಟರಲ್ಲಿ ನಾವೇ ಎಲ್ಲವನ್ನೂ ಒಪ್ಪಿಕೊಂಡಿರುತ್ತಿದ್ದೆವು. ವಾರಕ್ಕೊಮ್ಮೆ ಸ್ಲೈಡಿನ ಮೇಲಿನ ಹೆಸರಿಗೆ ಪಟ್ಟಿ ಅಂಟಿಸಿ, ನಾನು ಎಣಿಸಿದ್ದನ್ನು ಅವರೂ ಎಣಿಸಿ ತಾಳೆ ನೋಡುತ್ತಿದ್ದರು. ಎಷ್ಟೋ ಸಲ ಇಬ್ಬರದೂ ಒಂದೇ ಬರುತ್ತಿತ್ತು. ನನಗೆ ಕೊಂಬು ಬಂದದ್ದು ಹಾಗೆ.

ಕಡೆಯ ವರ್ಷಗಳಲ್ಲಿ ಉಸಿರಿನ ಯಂತ್ರ ಬಂತು. ರೋಗಿ ಅದರೊಳಗೆ ಊದಬೇಕು, ಉಸಿರಿನಲ್ಲಿರುವ ಒಂದು ಅನಿಲವನ್ನು ಅಳೆದು ಅದು ಒಳಗಿನ ಉರಿಯೂತದ ಅಂದಾಜು ಹೇಳುತ್ತದೆ. ಜೋರಾಗಿ ಊದಿದರೆ ಆಗುವುದಿಲ್ಲ, ಒಂದೇ ಹದದಲ್ಲಿ ಹತ್ತು ಸೆಕೆಂಡು ಊದಬೇಕು. ಗಣೇಶಗುಡಿಯಲ್ಲಿ ರಾಫ್ಟ್ ನಡೆಸುವ ಗಟ್ಟಿಮುಟ್ಟು ಹುಡುಗರು ನಾಲ್ಕು ಸಲ ಊದಿ ನಾಲ್ಕು ಸಲವೂ ಸೋತರು. ಅವರ ಹಿಂದೆಯೇ ಬಂದ ಎಪ್ಪತ್ತರ ಅಜ್ಜಿ ಮೊದಲ ಸಲಕ್ಕೇ ಪಾಸಾದಳು. ಹೇಗೆ ಅಂತ ಕೇಳಿದರೆ ನಕ್ಕಳು. “ಊದಗೊಳವಿ ಹಿಡದು ಒಲಿ ಊದಿ ಊದಿ ಹಲ್ಲ ಬಿದ್ದಾವಪಾ, ಇದೇನ್ ಮಹಾ?” ಎದೆ ಕೆಡಿಸಿದ ವಿದ್ಯೆಯೇ ಪರೀಕ್ಷೆಯಲ್ಲಿ ಪಾಸು ಮಾಡಿಸಿತು. ಹೊಸ ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ, ಕಲಿಯಿರಿ. ಆದರೆ ಯಂತ್ರದ ಮುಂದೆ ಕೂರುವವರು ಯಾರು ಅಂತಲೂ ನೋಡಿ.

ಈಗ ಶಾಂತವ್ವನ ಮಾತಿಗೆ ಬರುತ್ತೇನೆ. ಇದು ಆ ಯಂತ್ರ ಬರುವುದಕ್ಕೆ ಮೊದಲಿನದು.

ಐವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಗಂಡನ ಅಣ್ಣ ಬಸಪ್ಪನವರ ಮನೆಯಲ್ಲೇ ಇದ್ದಳು. ಲಗ್ನ, ಗೃಹಪ್ರವೇಶಗಳಿಗೆ ಖಡಕ್ ರೊಟ್ಟಿ ಬಡಿದು ಕೊಡುವುದು ಅವಳ ಕಸುಬು. ನೂರಾರು ರೊಟ್ಟಿ, ಕಟ್ಟಿಗೆ ಒಲೆ, ಕಿಟಕಿಯಿಲ್ಲದ ಪಡಸಾಲೆ. ಎದೆ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಬಸಪ್ಪನವರೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಬಿಳಿ ಟೋಪಿ, ಬಿಳಿ ಧೋತರ, ಕಡಿಮೆ ಮಾತು. ಅವರು ಇದ್ದಲ್ಲಿ ಶಾಂತವ್ವ ತಲೆಯ ಮೇಲಿನ ಸೆರಗು ಜಾರಗೊಡುತ್ತಿರಲಿಲ್ಲ, ದನಿ ಎತ್ತುತ್ತಿರಲಿಲ್ಲ.

ಮೇಡಂ ಮುಂದೆ ಪ್ರಶ್ನೆ ಒಂದೇ ಇತ್ತು: ಇವಳಿಗೆ ಸ್ಟಿರಾಯ್ಡ್ ಪಂಪ್ ಕೊಡಬೇಕೋ ಬೇಡವೋ? ಹಿಂದೆ ಒಮ್ಮೆ ನ್ಯುಮೋನಿಯಾ ಆಗಿತ್ತು. ಇಯೋಸಿನೋಫಿಲ್ ಇಲ್ಲದವರಿಗೆ ಆ ಪಂಪ್ ಕೊಟ್ಟರೆ ಗುಣ ಕಡಿಮೆ, ಮತ್ತೆ ನ್ಯುಮೋನಿಯಾ ಬರುವ ಭಯ ಹೆಚ್ಚು. ಇದ್ದವರಿಗೆ ಕೊಡದಿದ್ದರೆ ದಮ್ಮು ಮೇಲಿಂದ ಮೇಲೆ ಕೆರಳಿ, ಪ್ರತಿ ಸಲವೂ ಎದೆಯ ಒಂದಿಷ್ಟು ಬಲವನ್ನು ಶಾಶ್ವತವಾಗಿ ತೆಗೆದುಕೊಂಡು ಹೋಗುತ್ತದೆ. ತೀರ್ಪು ನನ್ನ ಸ್ಲೈಡಿನದು.

ಮೊದಲ ಸಲ ಡಬ್ಬಿ ಕೊಟ್ಟು, “ಒಳಗಿಂದ ಕೆಮ್ಮಿ ತಗೀರಿ ಅಕ್ಕಾರ” ಅಂದೆ. ಬಾಗಿಲ ಬಳಿಯ ಬೆಂಚಿನ ಮೇಲೆ ಬಸಪ್ಪನವರು ಕೂತಿದ್ದರು. ಆಕೆ ಗೋಡೆಯ ಕಡೆ ತಿರುಗಿ, ಸೆರಗು ಮುಂದೆ ಎಳೆದುಕೊಂಡು, ಸದ್ದೇ ಇಲ್ಲದ ಹಾಗೆ ಡಬ್ಬಿ ತುಂಬಿಸಿ ಕೊಟ್ಟಳು. ಸ್ಲೈಡ್ ನೋಡಿದೆ. ಬರೀ ಬಾಯಿಯ ಕೋಶಗಳು, ತವೆಯ ಮೇಲೆ ಒತ್ತೊತ್ತಾಗಿ ಹೊಯ್ದ ದೋಸೆಗಳ ಹಾಗೆ. ಅವುಗಳ ಸಂದಿಯಲ್ಲಿ ಬಿಳಿಕಣಗಳು ಅಲ್ಲೊಂದು ಇಲ್ಲೊಂದು. ಸಾಲದು ಎಂದು ಬರೆಯಬೇಕಿತ್ತು.

ಬರೆಯಲಿಲ್ಲ. ಕಿಟಕಿಯಿಂದ ನೋಡಿದರೆ ಆಕೆ ಬೇವಿನ ಮರದ ಕೆಳಗೆ ಉಸಿರಿಗಾಗಿ ಮೊಣಕಾಲ ಮೇಲೆ ಕೈಯೂರಿ ಕೂತಿದ್ದಳು. ಇನ್ನೊಂದು ಸಲ ಕೆಮ್ಮು ಅಂತ ಯಾವ ಬಾಯಲ್ಲಿ ಹೇಳಲಿ? ಮತ್ತೆ ಬಾ ಅಂದರೆ ಮತ್ತೆ ಆ ಬಸ್ಸು, ಆ ಧೂಳು. ಅದರ ಜೊತೆಗೆ ನನ್ನ ಕೊಂಬೂ ಇತ್ತು. ಬಾಬಾಜಾನನ ಕೈಗೆ ಬಂದ ಡಬ್ಬಿ ವಾಪಸ್ ಹೋಗುವುದಿಲ್ಲ ಅಂತ ನರ್ಸುಗಳೆಲ್ಲ ಹೊಗಳುತ್ತಿದ್ದರು. ಸಿಕ್ಕ ಎಪ್ಪತ್ತು ಎಂಬತ್ತು ಕೋಶಗಳನ್ನೇ ಎಣಿಸಿ, ನಾನೂರು ಎಣಿಸಿದವನ ಗತ್ತಿನಲ್ಲಿ ‘ಇಯೋಸಿನೋಫಿಲ್ ಇಲ್ಲ’ ಎಂದು ಬರೆದು ಸಹಿ ಹಾಕಿದೆ. ನಾಲ್ಕು ತಿಂಗಳ ನಂತರ ಎರಡನೆಯ ಡಬ್ಬಿ ಬಂತು. ಅದೂ ಹಾಗೇ ಇತ್ತು. ಒಮ್ಮೆ ಬರೆದದ್ದನ್ನು ಎರಡನೆಯ ಸಲ ಬರೆಯುವುದು ಬಹಳ ಸುಲಭ. ಆ ಎರಡು ವಾರಗಳಲ್ಲಿ ಮೇಡಂ ತಾಳೆ ನೋಡಲು ಆರಿಸಿದ ಸ್ಲೈಡುಗಳಲ್ಲಿ ಅವಳದು ಇರಲಿಲ್ಲ.

ಸ್ಟಿರಾಯ್ಡ್ ಪಂಪ್ ಕೊಡಲಿಲ್ಲ. ಆ ವರ್ಷ ಶಾಂತವ್ವ ಎರಡು ಸಲ ದಾಖಲಾದಳು. ಮೂರನೆಯ ಸಲ ಬಂದಾಗ ಒಂದು ಮಾತು ಪೂರ್ತಿ ಆಡಲೂ ಉಸಿರಿರಲಿಲ್ಲ. ತುಟಿ ಕಪ್ಪಿಟ್ಟಿತ್ತು. ಸಿಸ್ಟರ್ ಆಕ್ಸಿಜನ್ ಹಚ್ಚಿ, ಔಷಧದ ಹಬೆ ಕೊಡಲು ಮೂಗಿಗೆ ಮಾಸ್ಕ್ ಕಟ್ಟಿದರು. ಮೇಡಂ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ಕಾರಿಡಾರಿಗೆ ಬಂದು ನನ್ನನ್ನು ಕರೆದರು.

“ಬಾಬಾಜಾನ್, ನಿಮ್ಮ ಸ್ಲೈಡ್ ಒಂದು ಹೇಳ್ತದ, ಆಕಿ ಎದಿ ಇನ್ನೊಂದು ಹೇಳ್ತದ. ಈಗ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟು ಉಳಸ್ತೇನಿ. ಮನಿಗೆ ಕಳಸೂಮುಂದ ಏನು ಕೊಡ್ಲಿ? ಇದು ಹಿಂಗ ನಡದ್ರ ಆಕಿ ಇನ್ನೊಂದು ಮಳಿಗಾಲ ನೋಡೂದಿಲ್ಲ. ಆ ಹಳೇ ಸ್ಲೈಡ್ ಎರಡೂ ತಗೊಂಡು ಬರ್ರಿ.”

ಸ್ಲೈಡ್ ಪೆಟ್ಟಿಗೆ ತೆಗೆದೆ. ನೋಡುವ ಅಗತ್ಯವೇ ಇರಲಿಲ್ಲ, ಏನಿದೆ ಎಂದು ನನಗೆ ಗೊತ್ತಿತ್ತು. ಆದರೂ ನೋಡಿದೆ. ಗಾಜಿನ ಚೂರು ಎರಡು, ನೆಲಕ್ಕೆ ಬಿದ್ದರೆ ಒಡೆಯುತ್ತವೆ, ಕೇಳುವವರು ಯಾರೂ ಇಲ್ಲ. ಆ ಯೋಚನೆ ಬಂತು. ಬಂದದ್ದನ್ನು ಮುಚ್ಚಿಟ್ಟು ದೊಡ್ಡ ಮನುಷ್ಯನಾಗುವ ಆಸೆ ಈ ವಯಸ್ಸಿನಲ್ಲಿ ನನಗಿಲ್ಲ. ಅವುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಮೇಡಂ ಮುಂದೆ ನಿಂತೆ.

“ಇವು ಕಫ ಅಲ್ಲ್ರೀ ಮೇಡಂ. ಉಗುಳು. ಅವತ್ತ ಗೊತ್ತಿತ್ತು ನನಗ.”

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು.

“ಎರಡೂ ವರದಿ ನಿಮ್ಮ ಕೈಲೇ ಹೊಡದು ಹಾಕ್ರಿ, ಬಾಜೂಕ ಸಹಿ ಮಾಡ್ರಿ. ಇಂಜೆಕ್ಷನ್ ತನ್ನ ಕೆಲಸ ಶುರು ಮಾಡಿ ಇಯೋಸಿನೋಫಿಲ್ ಕೋಶಗಳನ್ನ ಅಳಸೂದರೊಳಗ ನನಗ ಖರೇ ಕಫ ಬೇಕು. ಒತ್ತಾಯ ಮಾಡಬ್ಯಾಡ್ರಿ, ತಾನ ಬಂದದ್ದು ತಗೋರಿ. ಮತ್ತ ಬಾಬಾಜಾನ್, ಈ ಮಾತು ಆಕೀಗೂ ನೀವ ಹೇಳಬೇಕು. ನಾ ಹೇಳೂದಿಲ್ಲ.”

ವಾರ್ಡಿಗೆ ಹೋದಾಗ ಶಾಂತವ್ವನ ಹಬೆ ಮುಗಿದಿತ್ತು, ಉಸಿರಾಟ ತುಸು ಸರಾಗವಾಗಿತ್ತು. ಬಸಪ್ಪನವರು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದರು. ನಾನು ಡಬ್ಬಿ ಚಾಚಿ ಹೇಳಿದ್ದು ಇಷ್ಟು: “ಅಕ್ಕಾರ, ಹಿಂದಿನ ಎರಡು ಸಲ ನೀವು ಕೊಟ್ಟದ್ದು ಬರೇ ಉಗುಳಾಗಿತ್ತರೀ. ಈ ಸಲ ಎದಿಯಿಂದ ಬರಬೇಕು.” ನನ್ನ ಮಾತನ್ನು ಗಮನಿಸಿ. ಒಂದಕ್ಷರವೂ ಸುಳ್ಳಲ್ಲ, ಆದರೆ ತಪ್ಪನ್ನೆಲ್ಲ ಅವಳ ಹಾಸಿಗೆಯ ಮೇಲೆ ಇಳಿಸಿದ್ದೆ.

ಆಕೆ ಡಬ್ಬಿ ತೆಗೆದುಕೊಂಡಳು. ಎದೆಯಲ್ಲಿ ಗೊರ ಗೊರ ಸದ್ದು ನಮಗೇ ಕೇಳಿಸುತ್ತಿತ್ತು. ಆದರೂ ಆಕೆ ಗೋಡೆಗೆ ತಿರುಗಿ, ಸೆರಗು ಎಳೆದುಕೊಂಡು, ಅದೇ ಸದ್ದಿಲ್ಲದ ಕೆಲಸ ಶುರು ಮಾಡಿದಳು. ಕೆಮ್ಮು ಬಂದರೂ ಬಾಯಿಗೆ ಸೆರಗು ಒತ್ತಿ ನುಂಗಿದಳು. ನಾನು ಬೆಪ್ಪನ ಹಾಗೆ ನೋಡುತ್ತಿದ್ದೆ. ಹಾಸಿಗೆ ಬದಲಿಸುತ್ತಿದ್ದ ಆಯಾ ಫಾತಿಮಾಬಿ ತಡೆಯಲಾರದೆ ಹೇಳಿಯೇಬಿಟ್ಟಳು.

“ಭಾವಾರು ಎದುರಿಗೆ ನಿಂತಾರ, ಗಂಡಸು ನೀವೂ ನಿಂತೀರಿ. ಆಕಿ ಕ್ಯಾಕರಿಸಿ ಹೆಂಗ ಉಗುಳಬೇಕರೀ? ನೀವೆಲ್ಲ ಮಂದಿ ಏನು!”

ಇಷ್ಟು ವರ್ಷ ಸೂಕ್ಷ್ಮದರ್ಶಕ ನೋಡಿದ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ. ಹೆಣ್ಣುಮಕ್ಕಳು ಹಿರಿಯರ ಮುಂದೆ ಜೋರಾಗಿ ಕೆಮ್ಮುವುದಿಲ್ಲ, ಕ್ಯಾಕರಿಸುವುದಂತೂ ದೂರವೇ ಉಳಿಯಿತು. ಹೀಗೆ ಎಷ್ಟು ಜನ ನನಗೆ ಮರ್ಯಾದೆಯಿಂದ ಉಗುಳು ಕೊಟ್ಟು ಹೋಗಿದ್ದಾರೋ! ಬಸಪ್ಪನವರಿಗೆ ಹೊರಗೆ ಹೋಗಿ ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಟ್ರೇಯಿಂದ ತಾವೇ ಒಂದು ಡಬ್ಬಿ ಎತ್ತಿಕೊಂಡರು. ಟೋಪಿ ತೆಗೆದು ಕಂಕುಳಲ್ಲಿ ಇರಿಸಿದರು. ವಾರ್ಡಿನ ಹತ್ತು ಮಂಚಗಳೂ ತಿರುಗಿ ನೋಡುವ ಹಾಗೆ ಗಂಟಲು ಕೆರೆದು, ಕ್ಯಾಕರಿಸಿ, ಉಗುಳಿ, ಮುಚ್ಚಳ ಹಾಕಿದರು.

“ನೋಡವ್ವಾ, ನಂದು ಆತು. ಇನ್ನ ನಿಂದು.”

ಶಾಂತವ್ವ ತಿರುಗಿ ಅವರನ್ನೇ ನೋಡಿದಳು. ಅಷ್ಟು ವರ್ಷಗಳಲ್ಲಿ ಆಕೆ ಅವರ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು ಇರಬೇಕು. ನಗು ಬಂತು. ನಗುವಿನ ಬೆನ್ನಿಗೆ ಕೆಮ್ಮು ಬಂತು, ಈ ಸಲ ಅವಳು ಅದನ್ನು ತಡೆಯಲಿಲ್ಲ. ಸೆರಗು ಹೆಗಲಿಗೆ ಜಾರಿತು. ಎದೆಯ ತಳದಿಂದ ಎದ್ದ ಕೆಮ್ಮು ತಾನೇ ತಂದದ್ದನ್ನು ಡಬ್ಬಿಯಲ್ಲಿ ಹಿಡಿದೆವು. ಗಟ್ಟಿ, ಹಳದಿ, ಒಳ್ಳೆಯ ಕಫ. ಅಷ್ಟು ಚೆಂದದ ಮಾದರಿ ನಾನು ನೋಡಿರಲಿಲ್ಲ ಅಂದರೆ ನೀವು ನಗಬಹುದು, ನಮ್ಮ ಕಸುಬಿನವರು ನಗುವುದಿಲ್ಲ.

ಅವತ್ತು ಊಟಕ್ಕೆ ಹೋಗಲಿಲ್ಲ. ಬಣ್ಣ ಒಣಗುವ ತನಕ ಬಾಗಿಲಿಗೂ ಮೇಜಿಗೂ ಓಡಾಡಿದೆ. ಸ್ಲೈಡಿನಲ್ಲಿ ಬಾಯಿಯ ಕೋಶ ಹುಡುಕಿದರೂ ಸಿಗಲಿಲ್ಲ. ಕಣ್ಣು ಇಟ್ಟಲ್ಲೆಲ್ಲ ಆ ಕೆಂಪು ಕಾಳುಗಳು. ನಾನೂರು ಎಣಿಸಿದೆ, ನಂಬದೆ ಇನ್ನೂ ನಾನೂರು ಎಣಿಸಿದೆ. ಮೇಡಂ ಬಂದು ಅವರೂ ಎಣಿಸಿ, ಪಂಪ್ ಬರೆದರು.

ಮೂರನೆಯ ದಿನ ಶಾಂತವ್ವ ನಡೆದು ಸ್ನಾನಕ್ಕೆ ಹೋದಳು. ನನಗೆ ಖುಷಿ ಆಗಬೇಕಿತ್ತು, ಆಯಿತೂ ಕೂಡ. ಆದರೆ ಪ್ರತಿ ದಿನ ಬೆಳಿಗ್ಗೆ ಮೇಡಂ ಲ್ಯಾಬಿನ ಮುಂದೆ ಹಾಯ್ದು ಹೋಗುವಾಗ ಒಂದೇ ಮಾತು ಕೇಳುತ್ತಿದ್ದರು, “ಆತೇನ್ರಿ?” ಇವತ್ತು ಹೇಳ್ತೇನ್ರಿ ಮೇಡಂ ಅನ್ನುತ್ತಿದ್ದೆ. ಒಂದು ದಿನ ಆಕೆ ಮಲಗಿದ್ದಾಳೆ ಅಂತ ಬಿಟ್ಟೆ, ಇನ್ನೊಂದು ದಿನ ನೆಂಟರು ಬಂದಿದ್ದಾರೆ ಅಂತ ಬಿಟ್ಟೆ. ಸ್ಲೈಡ್ ಒಡೆಯದೆ ಹೋದ ಧೈರ್ಯ ಎಲ್ಲಿ ಹೋಯಿತೋ. ದೊಡ್ಡವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸುಲಭ, ಅವರು ಏನು ಮಾಡುತ್ತಾರೆಂದು ಗೊತ್ತಿರುತ್ತದೆ. ನಮ್ಮ ತಪ್ಪಿಗೆ ಉಸಿರು ತೆತ್ತವರ ಮುಂದೆ ನಿಲ್ಲುವುದು ಬೇರೆ.

ಐದನೆಯ ದಿನ ಮನೆಗೆ ಹೊರಟರು. ಬಸಪ್ಪನವರು ಚೀಲ ಕಟ್ಟುತ್ತಿದ್ದರು. ಇನ್ನು ಜಾರಿಕೊಳ್ಳಲು ದಾರಿ ಇರಲಿಲ್ಲ. ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತೆ.

“ಅಕ್ಕಾರ, ಒಂದು ಮಾತು. ಈ ಪಂಪ್ ನಿಮಗ ವರ್ಷದ ಹಿಂದ ಸಿಗಬೇಕಾಗಿತ್ತು. ಸಿಗದಿದ್ದದ್ದು ನನ್ನಿಂದ. ನೀವು ಕೊಟ್ಟದ್ದು ಉಗುಳು ಅಂತ ನೋಡಿದ ಕೂಡ್ಲೇ ಗೊತ್ತಾಗಿತ್ತರೀ ನನಗ. ಆದ್ರೂ ಕಫ ಅಂತ ಬರದೆ.”

“ಗೊತ್ತಿತ್ತು?”

“ಗೊತ್ತಿತ್ತರೀ. ಎರಡೂ ಸಲ.”

“ಮತ್ತ ವಾಪಸ್ ಯಾಕ ಕಳಸಲಿಲ್ಲ?”

“ನಿಮ್ಮ ತ್ರಾಸ ನೋಡಿ ಬಾಯಿ ಬರಲಿಲ್ಲ. ಮತ್ತ ಬಸ್ಸು, ಮತ್ತ ಕೆಮ್ಮು… ಯಾಕ ಕಷ್ಟ ಕೊಡೂದು ಅಂತ.”

ಬಸಪ್ಪನವರ ಕೈ ಚೀಲದ ಗಂಟಿನ ಮೇಲೆ ನಿಂತಿತು. ಶಾಂತವ್ವ ತನ್ನ ಅಂಗೈ ನೋಡಿಕೊಂಡಳು, ರೊಟ್ಟಿ ಬಡಿದು ಬಡಿದು ದಡ್ಡುಗಟ್ಟಿದ ಅಂಗೈ. ಬೈದಿದ್ದರೆ ತಲೆ ತಗ್ಗಿಸುತ್ತಿದ್ದೆ. ಅಳುತ್ತಾಳೇನೋ ಅಂತ ಹೆದರಿದ್ದೆ. ಎರಡೂ ಮಾಡಲಿಲ್ಲ.

“ನನಗ ನಾಚಿಕಿ, ನಿಮಗ ಕನಿಕರ,” ಅಂದಳು. “ಇಬ್ಬರೂ ಕೂಡಿ ನನ್ನ ಮುಗಿಸೇ ಬಿಡತಿದ್ವಿ ನೋಡ್ರಿ ಸಾಹೇಬ್ರ.”

ಉಸಿರು ತೆಗೆದುಕೊಂಡು ಮತ್ತೆ ಅಂದಳು, “ನಾನಂತೂ ನಾಚಿಕಿ ಬಿಟ್ಟೇನಿ. ನೀವೂ ಕನಿಕರ ಬಿಡ್ರಿ. ಇನ್ನ ಯಾರ ಉಗುಳು ಕೊಟ್ರೂ ವಾಪಸ್ ಕಳಸ್ರಿ. ಬೈತಾರ. ಬೈಸಿಕೊಳ್ಳ್ರಿ, ಏನೂ ಆಗೂದಿಲ್ಲ.”

ಆಮೇಲೆ ಆಕೆ ಎಂಟು ವರ್ಷ ನಮ್ಮ ಆಸ್ಪತ್ರೆಗೆ ಬಂದಳು. ಹೋದ ಬಲ ಪೂರ್ತಿ ಮರಳಲಿಲ್ಲ, ಹೋದದ್ದು ಹೋದದ್ದೇ, ಅದರಲ್ಲಿ ನನ್ನ ಪಾಲು ಎಷ್ಟು ಎನ್ನುವುದನ್ನು ಯಾವ ಯಂತ್ರವೂ ಅಳೆದು ಹೇಳುವುದಿಲ್ಲ. ಆದರೆ ದಾಖಲಾಗುವುದು ತಪ್ಪಿತು. ರೊಟ್ಟಿಯ ಒಲೆ ಅಂಗಳಕ್ಕೆ ಬಂತು.

ನಾನು ಬೈಸಿಕೊಂಡೆ. ಗಂಡಸರಿಂದ, ಹೆಂಗಸರಿಂದ, ಗೌಂಡಿಗಳಿಂದ, ಫಾರೆಸ್ಟ್ ಗಾರ್ಡುಗಳಿಂದ, ಉರ್ದುವಿನಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ. ಹೆಂಗಸರಿಗೆ ಲ್ಯಾಬಿನ ಹಿಂದೆ ಗಾಳಿಯಾಡುವ ಬಯಲಲ್ಲಿ ಜಾಗ ಮಾಡಿಸಿದೆ, ಅಲ್ಲಿ ಫಾತಿಮಾಬಿಯದೇ ರಾಜ್ಯ. ಗಂಡಸರ ಮುಂದೆ ನಾನೇ ಮೊದಲು ಕ್ಯಾಕರಿಸಿ ತೋರಿಸುತ್ತಿದ್ದೆ. ನಿವೃತ್ತಿಯ ದಿನ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸಿದ್ದರು, ಮೇಡಂ ಭಾಷಣಕ್ಕೆ ಎದ್ದಿದ್ದರು. ಆಗ ಹಳಿಯಾಳ ಕಡೆಯ ಒಬ್ಬ ರೈತ ಡಬ್ಬಿ ಹಿಡಿದುಕೊಂಡು ನೇರ ಒಳಗೆ ನುಗ್ಗಿದ. ಬೆಳಿಗ್ಗೆಯಿಂದ ಅವನ ಡಬ್ಬಿಯನ್ನು ಎರಡು ಸಲ ವಾಪಸ್ ಕಳಿಸಿದ್ದೆ.

“ಏನ್ ಸಾಹೇಬ್ರ, ನಮ್ಮ ಜೀವಾ ತಿನ್ನಾಕ ಹುಟ್ಟೀರೇನು? ಹಾರಾ ಹಾಕ್ಕೊಂಡು ಕುಂತೀರಿ, ನಮ್ಮನ್ನ ಮಾತ್ರ ಕೆಮ್ಮಸ್ತೀರಿ!”

ಸಭೆಯೆಲ್ಲ ನಕ್ಕಿತು. ನಾನು ಹಾರ ತೆಗೆದು ಕುರ್ಚಿಯ ಮೇಲಿಟ್ಟು ಅವನ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದೆ. ತಿಳಿಯಾಗಿ, ನೊರೆನೊರೆಯಾಗಿ, ಪಕ್ಕಾ ಉಗುಳು.

“ಸಾಲದು,” ಅಂದೆ. “ಇನ್ನೊಮ್ಮೆ ನಡೀರಿ, ನಾನೂ ಬರ್ತೇನಿ.”